‘ಕೆಟ್ಟಿದೆ’ ಎಂದು ಬರೆದ ಚೀಟಿ

ನನ್ನ ಬಾಯಿ ಸ್ವಲ್ಪ ಜೋರು. ಕಾಲೇಜಿನಲ್ಲಿ ಯಾರನ್ನಾದರೂ ಕೇಳಿ, ಗೇಟಿನ ಕಾವಲುಗಾರನಿಂದ ಹಿಡಿದು ಪ್ರಿನ್ಸಿಪಾಲರವರೆಗೆ ಎಲ್ಲರೂ ಅದನ್ನೇ ಹೇಳುತ್ತಾರೆ. ಇಪ್ಪತ್ತೆರಡು ವರ್ಷದಿಂದ ಅಲ್ಲಿನ ಕಂಪ್ಯೂಟರ್ ನೆಟ್‌ವರ್ಕ್ ನೋಡಿಕೊಳ್ಳುವವಳು ನಾನೇ. ಯಾವ ಗೋಡೆಯೊಳಗೆ ಯಾವ ಕೇಬಲ್ ಹೋಗಿದೆ, ಅದನ್ನು ಯಾವ ತಿರುವಿನಲ್ಲಿ ಇಲಿ ಕಡಿದಿದೆ, ಯಾವ ಮೇಷ್ಟ್ರು ಪಾಠದ ಹೊತ್ತಿನಲ್ಲಿ ಕದ್ದು ಮ್ಯಾಚ್ ನೋಡುತ್ತಾರೆ, ಎಲ್ಲವೂ ನನ್ನ ಬೆರಳ ತುದಿಯಲ್ಲಿ. ಎಲ್ಲ ಗೊತ್ತು ಎಂಬ ಜಂಬಕ್ಕೆ ಜೋರು ಬಾಯಿಯೂ ಸೇರಿದರೆ ಏನಾಗುತ್ತದೆ ಹೇಳುತ್ತೇನೆ ಕೇಳಿ. ನಾಲ್ಕು ವರ್ಷದ ಹಿಂದೆ ನನ್ನ ಒಡಹುಟ್ಟಿದ ತಮ್ಮನನ್ನೇ ಕಳ್ಳ ಎಂದು ಸಾಬೀತು ಮಾಡಿ ಕೆಲಸದಿಂದ ತೆಗೆಸಿದೆ. ಅವನು ಕದ್ದಿರಲಿಲ್ಲ.

ಇದು ನನಗೆ ಗೊತ್ತಾದದ್ದು ಹದಿಮೂರು ದಿನದ ಹಿಂದೆ, ಪರೀಕ್ಷಾ ವಿಭಾಗದ ಕೋಣೆಯಲ್ಲಿ.

ಅಲ್ಲಿಗೆ ಹೊಸ ಟೈಪಿಸ್ಟ್ ಹುಡುಗಿ ಬಂದಿದ್ದಳು. ಆಗಷ್ಟೇ ಪೆಟ್ಟಿಗೆಯಿಂದ ತೆಗೆದ ತೆಳ್ಳನೆಯ ಲ್ಯಾಪ್‌ಟಾಪು, ಮೇಲಿನ ಪ್ಲಾಸ್ಟಿಕ್ ಹಾಳೆಯನ್ನೂ ಕಿತ್ತಿರಲಿಲ್ಲ. ಇಂಥ ತೆಳ್ಳನೆಯವಕ್ಕೆ ಗೋಡೆಯ ಕೇಬಲ್ ಚುಚ್ಚಲು ಜಾಗವೇ ಇರುವುದಿಲ್ಲ. ನಡುವೆ ಒಂದು ಅಡಾಪ್ಟರ್ ಬೇಕು. ಹೆಬ್ಬೆರಳು ಗಾತ್ರದ ಬಿಳಿ ಡಬ್ಬಿ, ಒಂದು ಕಡೆ ಲ್ಯಾಪ್‌ಟಾಪಿಗೆ ಸಿಕ್ಕಿಸಬೇಕು, ಇನ್ನೊಂದು ಕಡೆ ಕೇಬಲ್ ಚುಚ್ಚಬೇಕು. ಹುಡುಗಿ ಮೇಜಿನ ಡ್ರಾಯರ್ ಎಳೆದಳು. ಒಣಗಿದ ಸ್ಕೆಚ್ ಪೆನ್ನು, ತುಕ್ಕು ಹಿಡಿದ ಪಿನ್ನು, ಯಾರದೋ ಹಳೆಯ ಕನ್ನಡಕದ ಗೂಡು ಎಲ್ಲವನ್ನೂ ಸರಿಸಿ ಒಂದು ಅಡಾಪ್ಟರ್ ಹೆಕ್ಕಿ ತೆಗೆದಳು. ಅದಕ್ಕೆ ಟೇಪಿನಲ್ಲಿ ಒಂದು ಚೀಟಿ ಅಂಟಿಸಿತ್ತು. ನೀಲಿ ಶಾಯಿಯಲ್ಲಿ ‘ಕೆಟ್ಟಿದೆ’ ಎಂದು ಬರೆದಿತ್ತು.

“ಇದು ಕೆಟ್ಟಿದ್ಯಂತೆ ಮೇಡಂ.”

“ಯಾರೋ ಬರೆದ ಮಾತ್ರಕ್ಕೆ ಕೆಟ್ಟು ಹೋಗುತ್ತಾ? ಕೊಡಿ ಇಲ್ಲಿ,” ಎಂದು ಇಸಿದುಕೊಂಡು ಚುಚ್ಚಿದೆ. ಹಸಿರು ದೀಪ ಪಳಕ್ಕನೆ ಹೊತ್ತಿಕೊಂಡಿತು. “ನೋಡಿದ್ರಾ? ಮೊದ್ಲು ನೋಡ್ಬೇಕು, ಆಮೇಲೆ ಬರೀಬೇಕು. ಈ ಆಫೀಸಲ್ಲಿ ಎಲ್ಲಾರೂ ಉಲ್ಟಾ,” ಎಂದು ಆ ಹುಡುಗಿಗೆ ಬುದ್ಧಿಯನ್ನೂ ಹೇಳಿದೆ. ಆಮೇಲೆ ನಾನು ತಂದಿದ್ದ ಲ್ಯಾಪ್‌ಟಾಪಿನ ಪರದೆಯ ಕಡೆ ತಿರುಗಿದೆ.

ಹೊಸ ಯಂತ್ರವನ್ನು ನೆಟ್‌ವರ್ಕ್ ಒಳಗೆ ಬಿಟ್ಟಿರಲಿಲ್ಲ. ಕೆಂಪು ಸಾಲೊಂದು ಮೂಡಿತ್ತು: ತಡೆಹಿಡಿಯಲಾಗಿದೆ. ಅದರ ಪಕ್ಕದಲ್ಲಿ ನನ್ನ ತಮ್ಮನ ಹೆಸರು.

ಹುಡುಗಿ ಏನೋ ಕೇಳಿದಳು, ಕಿವಿಗೆ ಬೀಳಲಿಲ್ಲ. ಅಡಾಪ್ಟರನ್ನು ಕಿತ್ತು ತಿರುಗಿಸಿದೆ. ಚೀಟಿಯನ್ನು ಉಗುರಿನಿಂದ ಕೆರೆದು ತೆಗೆದೆ. ಅದರ ಕೆಳಗೆ ಸಾಸಿವೆಯಷ್ಟು ಸಣ್ಣ ಅಕ್ಷರದಲ್ಲಿ ಒಂದು ಸಾಲು ಮುದ್ರಿಸಿತ್ತು. ಕನ್ನಡಕ ಮೇಲೆತ್ತಿ ಕಣ್ಣಿಗೆ ಹತ್ತಿರ ಹಿಡಿದು ಓದಿದೆ. ಕೊನೆಯ ಆರು: ಒಂಬತ್ತು, ಎಫ್, ನಾಲ್ಕು, ಸೊನ್ನೆ, ಬಿ, ಎರಡು.

ಇದೇನು ಎಂದು ಹೇಳದಿದ್ದರೆ ನಿಮಗೆ ಈ ಕಥೆಯ ತಲೆಬುಡ ತಿಳಿಯುವುದಿಲ್ಲ. ನೆಟ್‌ವರ್ಕಿಗೆ ಸೇರುವ ಪ್ರತಿಯೊಂದು ಸಾಧನಕ್ಕೂ ಕಾರ್ಖಾನೆಯಲ್ಲೇ ಒಂದು ಗುರುತು ಕೊಟ್ಟು ಕಳಿಸುತ್ತಾರೆ. ಮ್ಯಾಕ್ ಅಡ್ರೆಸ್ ಅನ್ನುತ್ತೇವೆ. ಅಂಕಿ, ಅಕ್ಷರ ಸೇರಿ ಹನ್ನೆರಡು. ಮೊದಲ ಆರು ತಯಾರಿಸಿದ ಕಂಪನಿಯದು, ಉಳಿದ ಆರು ಆ ಒಂದು ವಸ್ತುವಿನದು. ಯಂತ್ರಗಳಿಗೆ ಇನ್ನೊಂದು ಅಡ್ರೆಸ್ಸೂ ಇರುತ್ತದೆ, ಅದು ಬಾಡಿಗೆ ಮನೆಯ ಹಾಗೆ, ಹೋದಲ್ಲೆಲ್ಲ ಬದಲಾಗುತ್ತದೆ. ಇದು ಹಾಗಲ್ಲ, ಹುಟ್ಟಿದಾಗ ಬಂದದ್ದು. ಬದಲಾಯಿಸುವ ಕಳ್ಳದಾರಿಗಳೂ ಇವೆ, ಆದರೆ ನಮ್ಮಲ್ಲಿ ಅದು ಯಾವುದೂ ನಡೆದಿರಲಿಲ್ಲ. ನಾನು ಒಂದು ರಿಜಿಸ್ಟರ್ ಇಟ್ಟಿದ್ದೆ. ಎಡಕ್ಕೆ ಅಡ್ರೆಸ್, ಬಲಕ್ಕೆ ಮನುಷ್ಯನ ಹೆಸರು. ಅದರಲ್ಲಿ ಇಲ್ಲದ ಯಂತ್ರ ನಮ್ಮ ಕಾಲೇಜಿನ ನೆಟ್‌ವರ್ಕಿಗೆ ಕಾಲಿಡುವ ಹಾಗಿರಲಿಲ್ಲ.

ನನ್ನ ತಮ್ಮನಿಗೆ ಮನೆಯಲ್ಲಿ ಗುಂಡ ಅನ್ನುತ್ತೇವೆ. ಕೂಸಿದ್ದಾಗ ಗುಂಡಗಿದ್ದ, ಆಮೇಲೆ ಕಡ್ಡಿಯಾದರೂ ಹೆಸರು ಉಳಿಯಿತು. ಟೈಪಿಂಗಿನಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಪರೀಕ್ಷಾ ವಿಭಾಗದಲ್ಲಿ ಪ್ರಶ್ನೆಪತ್ರಿಕೆ ಟೈಪ್ ಮಾಡಲು ಜನ ಬೇಕು ಎಂದಾಗ ಅವನೇ ಅರ್ಜಿ ಹಾಕಿ, ಅವನೇ ಪರೀಕ್ಷೆ ಬರೆದು, ಸೇರಿಕೊಂಡ. ನಾನು ಒಂದು ಮಾತು ಯಾರ ಹತ್ತಿರವೂ ಆಡಿರಲಿಲ್ಲ. ಅದೂ ನನಗೆ ಹೆಮ್ಮೆ.

ಮೊದಲ ದಿನ ತನ್ನದೇ ತೆಳ್ಳನೆಯ ಲ್ಯಾಪ್‌ಟಾಪ್ ತಂದ. “ಅಕ್ಕಾ, ಇದಕ್ಕೆ ಕೇಬಲ್ ಎಲ್ಲಿ ಚುಚ್ಚೋದು?” ಎಂದು ಕೇಳಿದ. ನನ್ನ ಕಪಾಟಿನಿಂದ ಒಂದು ಅಡಾಪ್ಟರ್ ತೆಗೆದು ಕೊಟ್ಟೆ. ಅವನು ಸಿಕ್ಕಿಸಿದ, ನನ್ನ ಪರದೆಯಲ್ಲಿ ಒಂದು ಅಡ್ರೆಸ್ ಕಾಣಿಸಿತು, ಅದನ್ನು ರಿಜಿಸ್ಟರಿಗೆ ಬರೆದು ಎದುರಿಗೆ ಅವನ ಹೆಸರು ಹಾಕಿದೆ. ಪರದೆಯಲ್ಲಿ ಕಾಣಿಸಿದ್ದು ಲ್ಯಾಪ್‌ಟಾಪಿನದಲ್ಲ, ಅಡಾಪ್ಟರಿನದು. ನೆಟ್‌ವರ್ಕಿನ ಕೇಬಲ್ ಹೋಗಿ ಮುಟ್ಟುವುದು ಅಡಾಪ್ಟರನ್ನು ತಾನೆ, ಲ್ಯಾಪ್‌ಟಾಪನ್ನಲ್ಲವಲ್ಲ! ಇದು ಈ ಕೆಲಸದಲ್ಲಿ ಒಂದನೇ ತರಗತಿಯ ಪಾಠ. ಹೊಸಬರಿಗೆ ನಾನೇ ಹೇಳಿಕೊಟ್ಟ ಪಾಠ. ಅವತ್ತು ನನಗೇ ಅದು ಹೊಳೆಯಲಿಲ್ಲ.

ಅದೂ ಸಾಲದು ಎಂದು ಇನ್ನೊಂದು ಮಾತು ಸೇರಿಸಿದೆ. “ನೋಡು ಗುಂಡ, ಇದು ಆಫೀಸಿಂದು. ಅಕ್ಕ ಕೊಟ್ಟಿದ್ದು ಅಂತ ಮನೆಗೆ ಹೊತ್ಕೊಂಡು ಹೋಗ್ಬೇಡ. ಎದ್ದು ಹೋಗುವಾಗ ಮೇಜಿನ ಮೇಲೆ ಇಟ್ಟು ಹೋಗು.” ಅವನು ಚಿಕ್ಕಂದಿನಿಂದಲೂ ನಾನು ಹಾಕಿದ ಗೆರೆ ದಾಟಿದವನಲ್ಲ. ದಿನಾ ಇಟ್ಟು ಹೋದ. ಆ ಮೇಜಿನಲ್ಲಿ ಅವನಲ್ಲದೆ ಇನ್ನೂ ಮೂವರು ಕೂರುತ್ತಿದ್ದರು, ಹೋಗಿ ಬರುವವರು ಲೆಕ್ಕವಿಲ್ಲ. ಅದನ್ನು ಯಾರು ಸಿಕ್ಕಿಸಿಕೊಂಡರೂ ನನ್ನ ರಿಜಿಸ್ಟರಿನ ಪ್ರಕಾರ ಅವರು ಗುಂಡನೇ.

ನಾಲ್ಕು ವರ್ಷದ ಹಿಂದೆ ಗಣಿತದ ಪ್ರಶ್ನೆಪತ್ರಿಕೆ ಪರೀಕ್ಷೆಗೆ ಮೊದಲೇ ಹೊರಗೆ ಹೋಯಿತು. ಹುಡುಗರ ಫೋನುಗಳಲ್ಲೆಲ್ಲ ಹರಿದಾಡಿತು. ವಿಭಾಗದವರೆಲ್ಲ ಒಂದೇ ಪಾಸ್‌ವರ್ಡ್ ಬಳಸುತ್ತಿದ್ದರು, ಅದನ್ನು ಮಾನಿಟರಿನ ಅಂಚಿಗೇ ಬರೆದು ಅಂಟಿಸಿದ್ದರು. ಹಾಗಾಗಿ ಪಾಸ್‌ವರ್ಡಿನಿಂದ ಏನೂ ತಿಳಿಯುವಂತಿರಲಿಲ್ಲ. ತಿಳಿಯುವುದಿದ್ದರೆ ಮ್ಯಾಕ್ ಅಡ್ರೆಸ್ಸಿನಿಂದ. ನಾನು ದಾಖಲೆ ತೆಗೆದೆ. ಬುಧವಾರ ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷಕ್ಕೆ ಕಡತ ಇಳಿಸಿಕೊಂಡ ಯಂತ್ರದ ಅಡ್ರೆಸ್ ಸಿಕ್ಕಿತು. ರಿಜಿಸ್ಟರ್ ತಿರುವಿದೆ. ಅದೇ ಅಡ್ರೆಸ್ಸಿನ ಎದುರಿಗೆ ಗುಂಡನ ಹೆಸರಿತ್ತು.

ಒಂದು ಗಳಿಗೆ ಕಣ್ಣು ಕತ್ತಲಿಟ್ಟಿತು, ಸುಳ್ಳು ಹೇಳುವುದಿಲ್ಲ. ಆದರೆ ಅದರ ಹಿಂದೆಯೇ ಇನ್ನೊಂದು ಬಂತು. ಈಗ ಹೇಳಲು ನಾಚಿಕೆಯಾಗುತ್ತದೆ. ನಾನು ಎಂಥವಳು ಎಂದು ಎಲ್ಲರಿಗೂ ತೋರಿಸಲು ಇದೇ ಸಮಯ ಅನ್ನಿಸಿತು.

ವಿಚಾರಣೆಗೆ ಮೂವರು ಕೂತಿದ್ದರು. ಆಗಿನ ಪ್ರಿನ್ಸಿಪಾಲರು ಒಳ್ಳೆಯ ಮನುಷ್ಯ. “ಅವರು ನಿಮ್ಮ ತಮ್ಮ. ನಿಮಗೂ ಕಷ್ಟ. ಹೊರಗಿನವರು ಯಾರಿಂದಾದ್ರೂ ಒಂದ್ಸಲ ನೋಡಿಸೋಣ್ವಾ?” ಎಂದರು.

“ಬೇಡ ಸರ್,” ಎಂದೆ. “ನನಗೆ ತಮ್ಮನೂ ಒಂದೇ, ಊರವರೂ ಒಂದೇ. ಯಂತ್ರ ಸುಳ್ಳು ಹೇಳಲ್ಲ.”

ಗುಂಡ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತಿದ್ದ. ಮೊಣಕಾಲ ಮೇಲೆ ಲ್ಯಾಪ್‌ಟಾಪಿನ ಚೀಲ ಇತ್ತು. “ಅಕ್ಕಾ, ಅವತ್ತು ಮೂರು ಗಂಟೆಗೆ ನಾನು ಹಿಂದಿನ ಉಗ್ರಾಣದಲ್ಲಿ ಉತ್ತರಪತ್ರಿಕೆ ಕಟ್ಟು ಜೋಡಿಸ್ತಿದ್ದೆ. ಒಬ್ಬನೇ ಇದ್ದೆ ನಿಜ. ಆದ್ರೆ ಈ ಚೀಲ ನನ್ನ ಹೆಗಲಲ್ಲೇ ಇತ್ತು. ಇದನ್ನ ತೆಗೆದೇ ಇಲ್ಲ. ನೀನೇ ಒಂದ್ಸಲ ನೋಡು,” ಎಂದು ಚೀಲವನ್ನು ನನ್ನ ಕಡೆ ಚಾಚಿದ.

“ಇಲ್ಲಿ ಅಕ್ಕ ಪಕ್ಕ ಅಂತ ಯಾರೂ ಇಲ್ಲ. ಮೇಡಂ ಅನ್ನು,” ಎಂದೆ.

ಚೀಲವನ್ನು ಹಿಂದಕ್ಕೆ ಎಳೆದುಕೊಂಡ. ಅವತ್ತಿನಿಂದ ಇವತ್ತಿನವರೆಗೆ ಅವನು ನನ್ನನ್ನು ಕರೆಯುವುದು ಮೇಡಂ ಎಂದೇ.

ಅವನನ್ನು ತೆಗೆದುಹಾಕಿದರು. ಪ್ರಶ್ನೆಪತ್ರಿಕೆ ಮಾರಿದವನು ಎಂಬ ಹೆಸರು ಹೊತ್ತವನಿಗೆ ಬೇರೆ ಯಾವ ಶಾಲೆ, ಕಾಲೇಜು, ಆಫೀಸು ಕೆಲಸ ಕೊಡುತ್ತದೆ? ನನಗೆ ಮಾತ್ರ ಎಲ್ಲರೂ ಬೆನ್ನು ತಟ್ಟಿದರು. ಸ್ವಂತ ತಮ್ಮನನ್ನೂ ಬಿಡಲಿಲ್ಲ ನೋಡಿ ಎಂದು ಹೊಸದಾಗಿ ಬಂದವರಿಗೆ ನನ್ನನ್ನು ತೋರಿಸಿ ಹೇಳುತ್ತಿದ್ದರು. ನಾನೂ ಕೇಳಿಸದವಳ ಹಾಗೆ ಕೇಳಿಸಿಕೊಳ್ಳುತ್ತಿದ್ದೆ.

ಅಪ್ಪ ಆಗ ನಮ್ಮ ಮನೆಯಲ್ಲಿದ್ದರು. ಮೂವತ್ತೊಂದು ವರ್ಷ ಮನೆ ಮನೆ ಸುತ್ತಿ ಕರೆಂಟ್ ಮೀಟರ್ ಓದಿದವರು. ಊಟದ ಹೊತ್ತಿನಲ್ಲಿ ಮೆಲ್ಲಗೆ ಮಾತು ತೆಗೆದರು. “ಮೀಟರ್ ನಂಬರು ಮೀಟರಿಂದು ಕಣಮ್ಮ, ಮನೇದಲ್ಲ. ಒಂದ್ಸಲ ಒಬ್ಬ ದರ್ಜಿ ಕರೆಂಟ್ ಕದೀತಿದ್ದಾನೆ ಅಂತ ನಾನೇ ಬರೆದು ಕೊಟ್ಟಿದ್ದೆ. ಆಮೇಲೆ ನೋಡಿದ್ರೆ ಗೋಡೆಗೆ ಸುಣ್ಣ ಹೊಡೆಯುವಾಗ ಪಕ್ಕದ ಮನೆ ಮೀಟರಿಗೂ ಇವನದಕ್ಕೂ ಅದಲು ಬದಲು ಆಗಿತ್ತು. ನಂಬರ್ ಓದಿದ್ರೆ ಸಾಲ್ದು, ತಂತಿ ಹಿಡ್ಕೊಂಡು ಅದು ಹೋಗೋ ಮನೆ ತನಕ ಹೋಗಿ ನೋಡ್ಬೇಕು. ನೀನು ನೋಡಿದ್ಯಾ?”

“ಅಪ್ಪಾ, ನಿನ್ನ ಮೀಟರ್ ಕಥೇನೇ ಬೇರೆ, ಇದೇ ಬೇರೆ. ಗೊತ್ತಿಲ್ಲದ್ದಕ್ಕೆ ಬಾಯಿ ಹಾಕ್ಬೇಡ,” ಎಂದೆ.

ಅಪ್ಪ ತಟ್ಟೆಯಲ್ಲಿದ್ದದ್ದನ್ನು ಮುಗಿಸಿ ಎದ್ದರು. ಆ ಭಾನುವಾರ ಎರಡು ಅಂಗಿ, ಔಷಧಿ ಡಬ್ಬಿ ಚೀಲಕ್ಕೆ ತುಂಬಿಕೊಂಡು ಗುಂಡನ ಮನೆಗೆ ಹೋದರು. ಹೋದ ವರ್ಷ ಅಲ್ಲೇ ತೀರಿಕೊಂಡರು. ಸುದ್ದಿ ತಿಳಿದು ನಾನು ಓಡಿಹೋದಾಗ ಗುಂಡ ಒಳಗಿನಿಂದ ಒಂದು ಕುರ್ಚಿ ತಂದಿಟ್ಟು, “ಕೂತ್ಕೊಳ್ಳಿ ಮೇಡಂ,” ಎಂದ. ಮಗಳು ಅಪ್ಪನನ್ನು ನೋಡಲು ಬಂದರೆ ಹೊರಗಿನವರಿಗೆ ಕೊಡುವ ಮರ್ಯಾದೆ! ಅವತ್ತು ಅದಕ್ಕೂ ನಾನು ಅವನ ಮೇಲೆಯೇ ಸಿಟ್ಟು ಮಾಡಿಕೊಂಡಿದ್ದೆ.

ಇನ್ನೂ ಒಂದಿದೆ. ಗುಂಡನನ್ನು ತೆಗೆದ ದಿನವೇ ಆ ಅಡ್ರೆಸ್ಸನ್ನು ನಾನು ತಡೆಹಿಡಿದಿದ್ದೆ. ಅದಾಗಿ ಒಂದು ವಾರಕ್ಕೆ ಪರೀಕ್ಷಾ ವಿಭಾಗದಿಂದ ಫೋನ್ ಬಂತು. “ಮೇಡಂ, ಇಲ್ಲಿ ಮೇಜಿನ ಮೇಲಿರೋ ಅಡಾಪ್ಟರ್ ಕೆಲಸ ಮಾಡ್ತಿಲ್ಲ.” ಒಂದು ವಾರದ ಹಿಂದೆ ಚೆನ್ನಾಗಿದ್ದದ್ದು ಈಗ ಯಾಕೆ ಕೆಲಸ ಮಾಡುವುದಿಲ್ಲ ಎಂದು ಎದ್ದು ಹೋಗಿ ನೋಡಿದ್ದರೆ ಅವತ್ತೇ ಎಲ್ಲ ಬಯಲಾಗುತ್ತಿತ್ತು. “ಕೆಟ್ಟಿರುತ್ತೆ, ಬಿಸಾಡಿ. ಬೇರೆ ಕಳಿಸ್ತೀನಿ,” ಎಂದು ಫೋನ್ ಇಟ್ಟೆ. ಅವರು ಬಿಸಾಡಲಿಲ್ಲ, ಆಫೀಸಿನವರು ಏನನ್ನೂ ಬಿಸಾಡುವುದಿಲ್ಲ. ನನ್ನ ಮಾತನ್ನೇ ಚೀಟಿಯಲ್ಲಿ ಬರೆದು ಅಂಟಿಸಿ ಡ್ರಾಯರಿಗೆ ಹಾಕಿದರು.

ಹಾಗಾದರೆ ಕದ್ದವರು ಯಾರು ಎಂದು ನೀವು ಕೇಳಬಹುದು. ನನಗೆ ಗೊತ್ತಿಲ್ಲ. ಆ ಮೇಜಿನ ಮೂವರಲ್ಲಿ ಒಬ್ಬರು ನಿವೃತ್ತರಾದರು, ಇಬ್ಬರು ಬೇರೆ ಕಡೆ ಹೋದರು. ಊಹೆ ಮಾಡಿ ಒಬ್ಬರ ಹೆಸರು ಹೇಳಬಹುದು. ಇನ್ನು ಮೇಲೆ ಆ ಕೆಲಸ ನಾನು ಮಾಡುವುದಿಲ್ಲ.

ಅವತ್ತು ಮನೆಗೆ ಬಂದು ನಮ್ಮನೆಯವರ ಮುಂದೆ ಎಲ್ಲ ಹೇಳಿಕೊಂಡು ಅತ್ತೆ. ಪಾಪ, ಅವರೂ ಗಾಬರಿಯಾದರು. ಆದರೆ ಅವರು ಮುಂದಿನದನ್ನು ಯೋಚಿಸುವವರು. “ನಿನಗೆ ಇನ್ನು ಎರಡು ವರ್ಷ ಸರ್ವಿಸ್ ಇದೆ. ನೀನಾಗೇ ಹೋಗಿ ತಲೆ ಕೊಡ್ತೀಯಾ? ಮಿಂಚಿ ಹೋದ ಕಾರ್ಯಕ್ಕೆ ಚಿಂತಿಸಿ ಫಲ ಇಲ್ಲ,” ಎಂದರು.

“ಅವನ ಬಾಳು ಮಿಂಚಿ ಹೋಗಿಲ್ಲ, ಇನ್ನೂ ಬದುಕಿದ್ದಾನೆ!” ಎಂದು ಅವರ ಮೇಲೆ ಹರಿಹಾಯ್ದೆ.

“ಸರಿ, ಹೇಳಲೇಬೇಕು ಅಂದ್ರೆ ಹೇಳು. ಹಾವೂ ಸಾಯ್ಬೇಕು, ಕೋಲೂ ಮುರೀಬಾರ್ದು, ಹಾಗೆ ಬರಿ.”

ಇಷ್ಟು ಹರಿಹಾಯ್ದವಳು ಮರುದಿನವೇ ಪ್ರಿನ್ಸಿಪಾಲರ ಹತ್ತಿರ ಹೋದೆನೆಂದು ತಿಳಿಯಬೇಡಿ. ಹನ್ನೆರಡು ದಿನ ಆ ಅಡಾಪ್ಟರನ್ನು ಕೈಚೀಲದಲ್ಲಿ ಹಾಕಿಕೊಂಡು ಓಡಾಡಿದೆ. ಬಸ್ಸಿನಲ್ಲಿ ಚಿಲ್ಲರೆ ಹುಡುಕಿದರೆ ಅದು ಕೈಗೆ ಸಿಗುತ್ತಿತ್ತು. ಕೊನೆಗೆ ಒಂದು ಪತ್ರ ಬರೆದೆ. ನಮ್ಮನೆಯವರು ಹೇಳಿದ ಹಾಗೆಯೇ ಬರೆದೆ. ಅದನ್ನು ಕಾಲೇಜಿನಲ್ಲಿ ಟೈಪ್ ಮಾಡಿಸಬಹುದಿತ್ತು. ಗುಂಡನ ಹತ್ತಿರವೇ ತೆಗೆದುಕೊಂಡು ಹೋದೆ. ಮೊದಲು ಅವನಿಗೆ ಗೊತ್ತಾಗಬೇಕು ಅನ್ನಿಸಿತು. ಬಾಯಿಬಿಟ್ಟು ಹೇಳಲು ಧೈರ್ಯ ಸಾಲದೆ ಕಾಗದ ಹಿಡಿದು ಹೋದೆ ಎಂದರೂ ಸರಿಯೇ.

ಅವನೀಗ ಕೋರ್ಟಿನ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಕೂತು ಬಂದವರ ಅರ್ಜಿ, ಕರಾರು ಟೈಪ್ ಮಾಡಿಕೊಡುತ್ತಾನೆ. ಎರಡಾಳು ನಿಲ್ಲುವಷ್ಟು ಜಾಗ. ಜೆರಾಕ್ಸ್ ಯಂತ್ರದ ಬಿಸಿ ಗಾಳಿ ಅವನ ಬೆನ್ನಿಗೇ ಬಡಿಯುತ್ತದೆ. ಮುಂದೆ ಅದೇ ತೆಳ್ಳನೆಯ ಲ್ಯಾಪ್‌ಟಾಪು, ಕೀಲಿಗಳ ಮೇಲಿನ ಅಕ್ಷರಗಳೆಲ್ಲ ಸವೆದು ಹೋಗಿವೆ. ನನ್ನನ್ನು ಕಂಡು ಮುಖದಲ್ಲಿ ಏನೂ ತೋರಿಸಲಿಲ್ಲ. “ಹೇಳಿ ಮೇಡಂ,” ಎಂದ.

ಅಡಾಪ್ಟರ್ ತೆಗೆದು ಅವನ ಮುಂದಿಟ್ಟೆ. ಮಾತು ತೊದಲಿತು. ಈ ನನ್ನ ಬಾಯಿ, ನೋಡಿ, ಬೇಕಾದಾಗ ಕೈಕೊಟ್ಟಿತು. ಹೇಗೋ ಅಲ್ಲಲ್ಲಿ ತಡವರಿಸಿ ಎಲ್ಲ ಹೇಳಿ ಮುಗಿಸಿದೆ. ಅವನು ಅಡಾಪ್ಟರನ್ನು ತಿರುಗಿಸಿ ಸಣ್ಣ ಅಕ್ಷರ ಓದಿದ.

“ಅವತ್ತು ಚೀಲ ಕೊಟ್ಟೆನಲ್ಲ ಮೇಡಂ, ತೆಗೆದು ನೋಡಿದ್ದಿದ್ರೆ ಗೊತ್ತಾಗ್ತಿತ್ತಾ?”

“ಗೊತ್ತಾಗ್ತಿತ್ತು.”

“ಎಷ್ಟು ಹೊತ್ತು ಬೇಕಾಗ್ತಿತ್ತು?”

ಅವನು ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿದ. “ಈಗ ನೋಡಿ,” ಎಂದು ಗೋಡೆಯ ಗಡಿಯಾರದ ಕಡೆ ಕಣ್ಣು ಹಾಕಿದ.

ಯಂತ್ರಕ್ಕೆ ಆಜ್ಞೆ ಕೊಡುವ ಕಪ್ಪು ಪರದೆ ತೆರೆದೆ, ಒಂದು ಸಾಲು ಟೈಪ್ ಮಾಡಿದೆ. ಲ್ಯಾಪ್‌ಟಾಪಿನ ಸ್ವಂತ ಅಡ್ರೆಸ್ ಬಂತು. ಒಂಬತ್ತೂ ಇಲ್ಲ, ಎಫ್ಫೂ ಇಲ್ಲ, ಬಿ ಎರಡೂ ಇಲ್ಲ. ಯಾವ ದಿಕ್ಕಿನಿಂದ ನೋಡಿದರೂ ನನ್ನ ರಿಜಿಸ್ಟರಿನ ಅಡ್ರೆಸ್ಸಿಗೂ ಇದಕ್ಕೂ ಸಂಬಂಧವಿರಲಿಲ್ಲ.

“ಎರಡು ನಿಮಿಷಾನೂ ಆಗ್ಲಿಲ್ಲ,” ಎಂದ ಗುಂಡ. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ, ನಾಲ್ಕು ಬೈದಿದ್ದರೆ, ನನಗೆ ಎಷ್ಟೋ ಹಗುರವಾಗುತ್ತಿತ್ತು.

ಹಿಂದೆ ನಿಂತಿದ್ದ ಗಿರಾಕಿಯೊಬ್ಬ, “ಬೇಗ ಮುಗಿಸ್ಕೊಳ್ರೀ, ಕೋರ್ಟು ಶುರುವಾಗುತ್ತೆ,” ಎಂದ. ನಾನು ಗಡಿಬಿಡಿಯಿಂದ ಪತ್ರ ತೆಗೆದು ಕೊಟ್ಟೆ. “ಪ್ರಿನ್ಸಿಪಾಲರಿಗೆ. ಇದನ್ನ ಟೈಪ್ ಮಾಡ್ಬೇಕಿತ್ತು,” ಎಂದೆ. ಅವನು ಎಲ್ಲರ ಕಾಗದ ಇಸಿದುಕೊಳ್ಳುವ ಹಾಗೆಯೇ ಇಸಿದುಕೊಂಡ. ಲ್ಯಾಪ್‌ಟಾಪಿನ ಪಕ್ಕ ಒರಗಿಸಿ ಟೈಪ್ ಮಾಡತೊಡಗಿದ. ಅದೇ ಕೈ, ಅದೇ ವೇಗ. ತನ್ನ ಹೆಸರು ಬಂದಲ್ಲಿಯೂ ಬೆರಳು ತಡೆಯಲಿಲ್ಲ.

ಐದನೇ ಸಾಲಿನಲ್ಲಿ ನಿಂತಿತು.

“‘ತಾಂತ್ರಿಕ ದೋಷದಿಂದಾಗಿ ತಪ್ಪು ನಿರ್ಣಯಕ್ಕೆ ಬರಲಾಯಿತು’ ಅಂತ ಬರೆದಿದ್ದೀರಿ,” ಎಂದ. “ಹಾಗೇ ಹೊಡೀಲಾ?”

ಕೇಳಿದ್ದು ಅಷ್ಟೇ. ಬರೆದದ್ದರಲ್ಲಿ ಅನುಮಾನ ಬಂದರೆ ಯಾವ ಗಿರಾಕಿಯನ್ನಾದರೂ ಕೇಳುವ ಹಾಗೆ ಕೇಳಿದ. ನನಗೆ ತಲೆಯೆತ್ತಲಾಗಲಿಲ್ಲ. ಮೇಜಿನ ಮೇಲೆ ಅಡಾಪ್ಟರ್ ಬಿದ್ದಿತ್ತು. ಅದರಲ್ಲಿ ಯಾವ ದೋಷವೂ ಇರಲಿಲ್ಲ. ಮೊದಲ ದಿನದಿಂದ ಕೊನೆಯವರೆಗೆ ತನ್ನ ಅಡ್ರೆಸ್ಸನ್ನು ಸರಿಯಾಗಿಯೇ ಹೇಳಿತ್ತು.

“ತೆಗೆದುಬಿಡು,” ಎಂದೆ.

“ಏನಂತ ಹಾಕ್ಲಿ?”

“ನಾನು ನೋಡಲಿಲ್ಲ ಅಂತ ಹಾಕು.”

“ಅಷ್ಟೇನಾ?”

“ಅವನು ಲ್ಯಾಪ್‌ಟಾಪ್ ಕೊಟ್ಟು ನೋಡು ಅಂದ, ನಾನು ನೋಡಲಿಲ್ಲ. ಬೇರೆಯವರಿಂದ ನೋಡಿಸೋಣ ಅಂದ್ರು, ನಾನೇ ಬೇಡ ಅಂದೆ. ನೋಡೋಕೆ ಎರಡು ನಿಮಿಷ ಸಾಕಿತ್ತು. ಎಲ್ಲಾ ಹಾಕು.”

ಅವನು ಹಾಕಿದ. ನಾನು ಆಡುಮಾತಿನಲ್ಲಿ ಹೇಳಿದ್ದನ್ನು ಪತ್ರದ ಭಾಷೆಗೆ ತಿದ್ದಿಕೊಂಡು, ಒಂದು ತಪ್ಪೂ ಇಲ್ಲದೆ, ತನ್ನ ಮೇಲಾದ ಅನ್ಯಾಯವನ್ನು ತಾನೇ ಟೈಪ್ ಮಾಡಿದ. ನಾನು ಸೆರಗಿನಲ್ಲಿ ಕಣ್ಣು ಒರೆಸಿಕೊಳ್ಳುತ್ತ ನಿಂತಿದ್ದೆ.

“ಎಷ್ಟು ಪ್ರತಿ ಬೇಕು ಮೇಡಂ?”

“ಎರಡು. ಒಂದು ಕಾಲೇಜಿಗೆ, ಒಂದು ನಿನಗೆ.”

“ಮೂರು ತೆಗೀತೀನಿ,” ಎಂದ. “ಒಂದು ಅಪ್ಪನಿಗೆ. ಕೊನೇ ತನಕ ಕೇಳ್ತಾನೇ ಇದ್ರು, ಅವಳು ತಂತಿ ಹಿಡ್ಕೊಂಡು ಹೋಗಿ ನೋಡಿದ್ಲಾ ಅಂತ.”

ಯಂತ್ರ ಮೂರು ಹಾಳೆಗಳನ್ನು ಒಂದೊಂದಾಗಿ ಹೊರಗೆ ತಳ್ಳಿತು. ಅವನು ಪೆನ್ನು ಕೊಟ್ಟು, ಬೆರಳಿಟ್ಟು ಜಾಗ ತೋರಿಸಿದ. ಎರಡಕ್ಕೆ ಸಹಿ ಹಾಕಿದೆ. ಮೂರನೆಯದಕ್ಕೆ ಹಾಕುವಾಗ ಅಕ್ಷರ ಸೊಟ್ಟಗಾಯಿತು.

“ಇನ್ನೊಂದು ತೆಗೀಲಾ ಮೇಡಂ?” ಎಂದು ಕೇಳಿದ.

“ಬೇಡ, ಅದೇ ಇರಲಿ,” ಎಂದೆ.

ಅವನು ಆ ಹಾಳೆಯನ್ನು ನಾಲ್ಕಾಗಿ ಮಡಿಸಿ ಅಂಗಿಯ ಜೇಬಿಗೆ ಇಟ್ಟುಕೊಂಡ. ಆಮೇಲೆ ನನ್ನ ಹಿಂದೆ ನಿಂತಿದ್ದವನ ಕಾಗದಕ್ಕೆ ಕೈ ಚಾಚಿದ.